ಆರು ವರ್ಷದಿಂದ ಹಿಟ್ಟು ಮನೆಯಲ್ಲೇ: ಗಿರಣಿ ನಿಜವಾಗಿ ಎಷ್ಟು ಉಳಿಸಿತು?

2019ರ ಸಂಕ್ರಾಂತಿ ಮುಗಿದ ಮೇಲೆ ಈ ಗಿರಣಿ ತಂದೆವು. ಒಂದು ಹೆಚ್‌ಪಿ ಮೋಟಾರು, ಒಳಗೆ ಸ್ಟೀಲ್ ಬ್ಲೇಡು, ಕಲ್ಲಿನದಲ್ಲ. ಆಗ 14,500 ರೂಪಾಯಿ ಕೊಟ್ಟೆವು. ತುಮಕೂರಿನಲ್ಲಿ ನಮ್ಮದು ಐದು ಜನರ ಮನೆ, ರಾತ್ರಿ ಮುದ್ದೆ ಇರಲೇಬೇಕು. ತಿಂಗಳಿಗೆ 8 ಕೆಜಿ ರಾಗಿ, 6 ಕೆಜಿ ಗೋಧಿ, 2 ಕೆಜಿ ಕಡಲೆಬೇಳೆ ಇದರಲ್ಲಿ ಬೀಸುತ್ತೇವೆ.

ಮೊದಲು ದುಡ್ಡಿನ ವಿಷಯ. ಕುಣಿಗಲ್ ಕಡೆಯ ನೆಂಟರ ಹೊಲದಿಂದ ಒಕ್ಕಣೆ ಆದ ಮೇಲೆ ವರ್ಷಕ್ಕೆ ಒಂದು ಕ್ವಿಂಟಾಲ್ ರಾಗಿ ತರುತ್ತೇವೆ. ಸರ್ಕಾರದ ಬೆಂಬಲ ಬೆಲೆಯನ್ನೇ ಕೊಡುತ್ತೇವೆ, ಅದಕ್ಕಿಂತ ಕಮ್ಮಿ ಕೇಳಲು ಮನಸ್ಸು ಬರುವುದಿಲ್ಲ. 2024–25ಕ್ಕೆ ಅದು 4,290 ರೂಪಾಯಿ ಇತ್ತು. ಕೆಜಿಗೆ 43 ಅಂತಿಟ್ಟುಕೊಳ್ಳಿ. ಅಂಗಡಿಯಲ್ಲಿ ರಾಗಿ ಹಿಟ್ಟಿನ ಪ್ಯಾಕೆಟ್ಟಿಗೆ 65 ಕೊಡುತ್ತಿದ್ದೆವು. ರಾಗಿಯಲ್ಲೇ ತಿಂಗಳಿಗೆ 176 ರೂಪಾಯಿ ಉಳಿಯಿತು. ಗೋಧಿ, ಕಡಲೆಬೇಳೆಯಿಂದ ಇನ್ನೊಂದು 150. ಕರೆಂಟು ತಿಂಗಳಿಗೆ ಎರಡು ಮೂರು ಯೂನಿಟ್ ಅಷ್ಟೇ.

ಆದರೆ ಇಲ್ಲೊಂದು ಮಾತು ಹೇಳಲೇಬೇಕು. ಈ ಉಳಿತಾಯದಲ್ಲಿ ಜಾಸ್ತಿ ಪಾಲು ಕಾಳು ತಂದಿದ್ದರಿಂದ ಬಂದದ್ದು, ಗಿರಣಿಯಿಂದಲ್ಲ. ಹೊರಗೆ ಬೀಸಿಸಿದರೆ ನಮ್ಮ ಕಡೆ ಕೆಜಿಗೆ 8 ರೂಪಾಯಿ ಕೂಲಿ. 16 ಕೆಜಿಗೆ 128. ಅಂದ್ರೆ ಮೆಷಿನ್ ಉಳಿಸುವುದು ಅಷ್ಟೇ. ಅದರ ಬೆಲೆ ಹುಟ್ಟಲು ಒಂಬತ್ತು ವರ್ಷ ದಾಟಬೇಕು! ನಮ್ಮ ಬೀದಿಯ ಗಿರಣಿ ಮುಚ್ಚಿತ್ತು, ಅದಕ್ಕೇ ಕೊಂಡೆವು. ನಿಮ್ಮ ಮನೆ ಹತ್ತಿರ ಒಳ್ಳೆ ಗಿರಣಿ ಇದ್ದರೆ ಸುಮ್ನೆ ದುಡ್ಡು ಹಾಕಬೇಡಿ.

ಹಿಟ್ಟಿನ ಬಗ್ಗೆ ಮಾತ್ರ ಎರಡು ಮಾತಿಲ್ಲ. ಹೊಸ ರಾಗಿ ಬೀಸಿದ ದಿನ ಅಡುಗೆಮನೆ ತುಂಬ ಆ ಘಮ. ರಾಗಿಗೆ ಅತಿ ಸಣ್ಣ ಜಾಲರಿ ಹಾಕಬೇಕು. ಅದಕ್ಕೂ ಮೊದಲು ಮೊರದಲ್ಲಿ ಕೇರಿ, ಕಲ್ಲು ಮಣ್ಣು ತೆಗೆದು, ತೊಳೆದು, ಎರಡು ದಿನ ಚೆನ್ನಾಗಿ ಬಿಸಿಲಿಗೆ ಹಾಕಬೇಕು. ಒಂದು ಸಲ ಮೋಡದ ದಿನ ಅರೆಬರೆ ಒಣಗಿದ ರಾಗಿ ಹಾಕಿಬಿಟ್ಟೆ. ಜಾಲರಿಯ ತೂತೆಲ್ಲ ಮೆತ್ತಿಕೊಂಡು ಮೋಟಾರು ಗೊರಗುಟ್ಟಿ ನಿಂತಿತು. ಬ್ರಷ್ ಹಿಡಿದು ಉಜ್ಜಿ ಉಜ್ಜಿ ಬಿಡಿಸಲು ಅರ್ಧ ದಿನ ಹೋಯಿತು. ಎಳ್ಳು, ಶೇಂಗಾ ಥರ ಎಣ್ಣೆ ಕಾಳು ಹಾಕಲೇಬಾರದು.

ಬೀಸಿದ ಹಿಟ್ಟು ಕೈಗೆ ಬಿಸಿ ಬಿಸಿ ಹತ್ತುತ್ತದೆ. ಹಾಗೇ ಡಬ್ಬಕ್ಕೆ ತುಂಬಿ ಮುಚ್ಚಳ ಹಾಕಬೇಡಿ. ಮುಚ್ಚಳದಲ್ಲಿ ಬೆವರು ಕೂತು ಹಿಟ್ಟು ಗಂಟಾಗುತ್ತದೆ. ಹಳೆ ಪಂಚೆ ಮೇಲೆ ಹರಡಿ, ಪೂರ್ತಿ ಆರಿದ ಮೇಲೆ ತುಂಬಿ.

ಕಾಳು ಜಾಸ್ತಿ ತಂದರೆ ಹಾಳಾಗಲ್ವಾ ಅಂತ ಎಲ್ಲರೂ ಕೇಳುತ್ತಾರೆ. ರಾಗಿಗೆ ಹುಳ ಬೀಳುವುದು ಅಪರೂಪ, ಹಿಂದೆ ಹಗೇವಿನಲ್ಲಿ, ಅಂದ್ರೆ ಕಾಳು ಇಡುವ ನೆಲದೊಳಗಿನ ಗುಂಡಿಯಲ್ಲಿ, ವರ್ಷಗಟ್ಟಲೆ ಇಡುತ್ತಿದ್ದರು. ಗೋಧಿ ಹಾಗಲ್ಲ, ಎರಡು ತಿಂಗಳಿಗಾಗುವಷ್ಟು ಮಾತ್ರ ತರುತ್ತೇವೆ.

ರಿಪೇರಿ ಎರಡು ಸಲ ಬಂತು. ಮೂರನೇ ವರ್ಷ ಗಿರಣಿಯ ಬಾಗಿಲಿನ ಸ್ವಿಚ್ ಕೆಟ್ಟಿತು. ಕಂಪನಿಯವರು ಬರಲು 11 ದಿನ ತಗೊಂಡರು, ಅಷ್ಟು ದಿನವೂ ಪ್ಯಾಕೆಟ್ ಹಿಟ್ಟೇ ಗತಿ. ಬೇಜಾರಾಯಿತು. ಐದನೇ ವರ್ಷ ಬ್ಲೇಡು ಮೊಂಡಾಯಿತು. ಆಗ ಪೇಟೆಯ ಮೋಟಾರ್ ರಿಪೇರಿಯವರೇ ಒಂದೇ ಸಂಜೆಯಲ್ಲಿ ಬದಲಾಯಿಸಿಕೊಟ್ಟರು. ಎರಡಕ್ಕೂ ಸೇರಿ 2,000 ಖರ್ಚು. ಸದ್ದು ಜೋರು, ಮಕ್ಕಳು ಓದುವ ಹೊತ್ತಲ್ಲಿ ಆಗಲ್ಲ.

ಶಿರಾ ಗೇಟಿನಲ್ಲಿರುವ ತಂಗಿಯೂ ಒಂದು ಕೊಳ್ಳಲು ಹೊರಟಿದ್ದಳು. ಅವಳ ಮನೆ ಎದುರೇ ಗಿರಣಿ ಇದೆ, ಬೇಡ ಅಂದೆ. ಬದಲಿಗೆ ಈ ವರ್ಷ ಇಬ್ಬರೂ ಸೇರಿ ಎರಡು ಕ್ವಿಂಟಾಲ್ ರಾಗಿ ತರಿಸಿದೆವು. ಟೆಂಪೋ ಬಾಡಿಗೆ ಅರ್ಧರ್ಧ.