ಮಂಗನ ಕಾಯಿಲೆ ಜಾಗೃತಿ ಸಭೆಗೆ ಪಡೆದ ಶಾಮಿಯಾನ ಸೇವೆ

ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಊರಿನಲ್ಲಿ ಸ್ವಯಂಸೇವಕರು ಸೇರಿ ನಡೆಸಿದ ಮಂಗನ ಕಾಯಿಲೆ ಜಾಗೃತಿ ಸಭೆಗೆ ಶಾಮಿಯಾನ, ಕುರ್ಚಿ, ಧ್ವನಿವರ್ಧಕಗಳನ್ನು ಪೇಟೆಯ ಬಾಡಿಗೆ ಅಂಗಡಿಯೊಂದರಿಂದ ತರಿಸಿದ್ದೆವು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ರೋಗವು ಸೋಂಕಿತ ಉಣ್ಣೆ ಹುಳಗಳ ಕಡಿತದಿಂದ ಹರಡುವುದರಿಂದ, ಕೊಟ್ಟಿಗೆಗೆ ದರಕು (ಒಣಗಿದ ಎಲೆ) ತರಲು ಕಾಡಿಗೆ ಹೋಗುವವರೇ ಮುಖ್ಯವಾಗಿ ಬರಬೇಕಿತ್ತು. ಹಾಗಾಗಿ ಅವರ ಕೆಲಸ ಮುಗಿಯುವ ಸಂಜೆಯ ಹೊತ್ತನ್ನೇ ಗೊತ್ತುಮಾಡಿದೆವು.

ಅಂಗಡಿಯ ಕೆಲಸಗಾರರು ಸಭೆಯ ಅಗತ್ಯವನ್ನು ಚೆನ್ನಾಗಿ ಅರಿತಿದ್ದರು. ಆಶಾ ಕಾರ್ಯಕರ್ತೆಯೊಬ್ಬರು ಉಣ್ಣೆಗಳನ್ನು ದೂರವಿಡುವ ಡೆಪಾ ತೈಲವನ್ನು ಕಾಲಿನ ಗಿಣ್ಣಿನಿಂದ ಮೇಲಕ್ಕೆ ಹಚ್ಚಿ ತೋರಿಸುವಾಗ, ಯಾರೂ ಹೇಳದೆಯೇ ದೀಪವನ್ನು ಹತ್ತಿರಕ್ಕೆ ತಂದು ಹಿಡಿದರು; ಹಿಂದಿನ ಸಾಲಿನ ಹಿರಿಯರಿಗೆ ಕೇಳಿಸಲೆಂದು ಧ್ವನಿಪೆಟ್ಟಿಗೆಯೊಂದನ್ನು ಅತ್ತ ತಿರುಗಿಸಿದರು. ಇಂಥ ಕಾಳಜಿ ದುಡ್ಡಿಗೆ ಸಿಗುವಂಥದ್ದಲ್ಲ. ಕುರ್ಚಿಗಳು ಮಾತ್ರ ಧೂಳು ಹಿಡಿದಿದ್ದವು, ಸ್ವಯಂಸೇವಕರೇ ಒರೆಸಬೇಕಾಯಿತು. ಬಾಡಿಗೆ ನ್ಯಾಯವಾಗಿತ್ತು, ಸಾಗಣೆ ವೆಚ್ಚವನ್ನು ರಸೀದಿಯಲ್ಲಿ ಪ್ರತ್ಯೇಕವಾಗಿ ನಮೂದಿಸಿದ್ದರು.

ರೋಗದ ಕಾಲ ಡಿಸೆಂಬರಿನಿಂದ ಮೇ ವರೆಗೆ, ಮದುವೆಗಳೂ ಆಗಲೇ ಹೆಚ್ಚು. ಆದ್ದರಿಂದ ಸಭೆ ನಡೆಸುವವರು ಮುಂಗಡ ಕೊಟ್ಟು ದಿನಾಂಕ ಹಿಡಿದಿಟ್ಟುಕೊಳ್ಳುವುದು, ಜನರೇಟರ್ ಬೇಕೆಂದು ಮೊದಲೇ ಬರೆಸುವುದು ಅಗತ್ಯ.