"ಸೌಂಡ್‌ಪ್ರೂಫ್" ಫೋಮ್ ಅಂಟಿಸೋಕೆ ಹೊರಟಿದ್ರೆ ಸ್ವಲ್ಪ ತಡೀರಿ

ವಿಟ್ರಿಫೈಡ್ ಟೈಲ್ಸ್, ಖಾಲಿ ಗೋಡೆ, ಬಾಲ್ಕನಿಗೆ ದೊಡ್ಡ ಗ್ಲಾಸ್ ಸ್ಲೈಡಿಂಗ್ ಡೋರ್ ಇರೋ ಮನೆಯವ್ರಿಗೆಲ್ಲ ಗೊತ್ತಿರುತ್ತೆ, ಹಾಲ್‌ನಲ್ಲಿ ಮಾತಾಡಿದ್ರೆ ಖಾಲಿ ಕಲ್ಯಾಣ ಮಂಟಪದಲ್ಲಿ ಮಾತಾಡಿದಂಗೆ. ನಮ್ದು ಸಾಲದ್ದಕ್ಕೆ ಬೆಂಗಳೂರು ಔಟರ್ ರಿಂಗ್ ರೋಡ್ ಪಕ್ಕ, ರಾತ್ರಿಯೆಲ್ಲ ಲಾರಿ. ಎರಡಕ್ಕೂ ಒಂದೇ ಮದ್ದು ಅಂತ ಅಂಗಡಿಯವನು ಒಂದಿಂಚಿನ ಪಿರಮಿಡ್ ಫೋಮ್ (ಮೇಲೆ ಚೂಪು ಚೂಪು ಉಬ್ಬು ಇರೋ ಸ್ಪಂಜಿನ ಹಾಳೆ) ಗೋಡೆ ತುಂಬಾ ಅಂಟಿಸಿ, "ಹಾರನ್ ಕೂಡ ಒಳಗ್ ಬರಲ್ಲ ಸಾರ್, ಗ್ಯಾರಂಟಿ" ಅಂತ ದುಡ್ಡು ಎಣಿಸ್ಕೊಂಡು ಹೋದ.

ಎಕೋ ಕಮ್ಮಿ ಆಯ್ತು, ಸುಳ್ಳು ಹೇಳಲ್ಲ, ಚಪ್ಪಾಳೆ ತಟ್ಟಿದ್ರೆ ಠಣ್ ಅಂತಿದ್ದದ್ದು ನಿಂತೋಯ್ತು. ಲಾರಿ ಗುಡುಗುಡು ಮಾತ್ರ ಹಾಗೇ ಇದೆ. ಇರದೆ ಏನು ಮಾಡುತ್ತೆ, ಫೋಮ್ ಕೆಲಸ ಒಳಗಿನ ಸದ್ದನ್ನ ಹೀರೋದು, ಹೊರಗಿಂದು ತಡೆಯೋದಲ್ಲ, ಅದೂ ತೆಳು ಫೋಮ್ ಹೀರೋದು ಕೀಚಲು ಸದ್ದನ್ನ ಅಷ್ಟೇ. ಲಾರಿ ಗುಡುಗುಡು ಥರದ ದಪ್ಪ ಸದ್ದು, 100 ಹರ್ಟ್ಜ್ (ಸೆಕೆಂಡಿಗೆ 100 ಕಂಪನ) ಅಂದ್ಕೊಳ್ಳಿ, ಅದರ ಅಲೆ ಸುಮಾರು 3.4 ಮೀಟರ್ ಉದ್ದ ಇರುತ್ತೆ, ಅದರ ಮುಂದೆ ಒಂದಿಂಚು ಯಾವ ಲೆಕ್ಕ! ಹೊರಗಿನ ಸದ್ದು ತಡೆಯೋಕೆ ಅಡ್ಡ ಇರೋ ಗೋಡೆ, ಗಾಜಿಗೆ ತೂಕ ಬೇಕು, ಸಂದಿ ಇರಬಾರದು. ಸ್ಲೈಡಿಂಗ್ ಡೋರ್ ಅಂಚಿನಲ್ಲಿ ಊದುಬತ್ತಿ ಹಿಡಿದು ನೋಡಿದೆ, ಎರಡು ಬಾಗಿಲು ಸೇರೋ ಜಾಗದಲ್ಲಿ ಹೊಗೆ ಸರ್ರಂತ ಒಳಗೆ ನುಗ್ತು, ಸಂದಿ ಮುಚ್ಚೋಕೆ ಬಾಗಿಲಂಚಿಗೆ ಹಾಕಿರೋ ಬ್ರಷ್ ಸ್ಟ್ರಿಪ್ ಪೂರ್ತಿ ಸವೆದೋಗಿದೆ. ಸದ್ದು ಬರ್ತಿದ್ದ ದಾರಿ ಅದು, ಅಂಗಡಿಯವನು ಅತ್ತ ತಿರುಗಿ ಕೂಡ ನೋಡಿರ್ಲಿಲ್ಲ.

ಇದಕ್ಕಿಂತ ಭಯ ಆಗಿದ್ದು ಇನ್ನೊಂದು. ಫೋಮ್‌ನ ಒಂದು ತುಂಡು ಟೆರೇಸಿಗೆ ತಗೊಂಡು ಹೋಗಿ ಬೆಂಕಿಕಡ್ಡಿ ತಾಗಿಸಿದ್ರೆ ಭಗ್ ಅಂತ ಹತ್ಕೊಂಡು ಕರಗಿ ತೊಟ್ಟಿಕ್ತು, ಕಪ್ಪು ಹೊಗೆ (ಮನೆಯೊಳಗೆ ದಯವಿಟ್ಟು ಮಾಡ್ಬೇಡಿ). 2003ರಲ್ಲಿ ಅಮೆರಿಕದ ರೋಡ್ ಐಲ್ಯಾಂಡ್‌ನ ನೈಟ್‌ಕ್ಲಬ್‌ನಲ್ಲಿ 100 ಜನ, 2013ರಲ್ಲಿ ಬ್ರೆಜಿಲ್‌ನ ಸಾಂತಾ ಮರಿಯಾದಲ್ಲಿ 242 ಜನ ಸತ್ತಿದ್ದು ಇಂಥ ಫೋಮ್‌ಗೆ ಪಟಾಕಿ ಕಿಡಿ ತಾಗಿ. ನಮ್ಮನೆಯಲ್ಲಿ ಅದನ್ನ ಅಂಟಿಸಿದ್ದು ದೇವರ ದೀಪದಿಂದ ಒಂದು ಮೊಳ ದೂರಕ್ಕೆ.

ಎಲ್ಲಾ ಕಿತ್ತು ಹಾಕ್ಸಿದ್ದಾಯ್ತು, ಗಮ್ ಜೊತೆ ಪುಟ್ಟಿನೂ ಎದ್ದು ಬಂತು. ದುಡ್ಡು ವಾಪಸ್ ಕೇಳಿದ್ರೆ "ಎಕೋ ಹೋಯ್ತಲ್ಲ ಸಾರ್" ಅಂತಾನೆ. ಬರೀ ಎಕೋಗೆ ಆದ್ರೆ ದಪ್ಪ ಜಮಖಾನ, ನೆರಿಗೆ ಜಾಸ್ತಿ ಇರೋ ಭಾರದ ಕರ್ಟನ್, ಬಟ್ಟೆ ಸೋಫಾ, ಪುಸ್ತಕ ತುಂಬಿದ ಶೆಲ್ಫ್ ಸಾಕು, ನಮ್ಗೆ ಈಗ ಅದೇ ನಡೀತಿದೆ. ರೋಡ್ ಸದ್ದಿಗೆ ಮೊದ್ಲು ಬ್ರಷ್ ಸ್ಟ್ರಿಪ್ ಬದಲಾಯಿಸಿ, ಬಜೆಟ್ ಇದ್ರೆ ಸ್ಲೈಡಿಂಗ್ ಬದಲು ಕದದ ಥರ ತೆರೆಯೋ, ರಬ್ಬರ್ ಗ್ಯಾಸ್ಕೆಟ್ ಇರೋ ಕಿಟಕಿಗೆ ಲ್ಯಾಮಿನೇಟೆಡ್ ಗ್ಲಾಸ್ (ನಡುವೆ ಪ್ಲಾಸ್ಟಿಕ್ ಪದರ ಇಟ್ಟು ಅಂಟಿಸಿದ ಎರಡು ಗಾಜು) ಹಾಕ್ಸಿ. ಪ್ಯಾನೆಲ್ ಬೇಕೇ ಬೇಕು ಅನ್ನೋರು ಫೈರ್ ಟೆಸ್ಟ್ ಸರ್ಟಿಫಿಕೇಟ್ ಕೈಗೆ ಬರೋ ತನಕ ಅಡ್ವಾನ್ಸ್ ಕೊಡ್ಬೇಡಿ, ನಮ್ಮವನ ಹತ್ರ ಅದು ಇರ್ಲೇ ಇಲ್ಲ.