ಪೈಪಿಗೆ ಕಟ್ಟುವ ಅಯಸ್ಕಾಂತದ 'ಸಾಫ್ಟ್ನರ್' ಕೊಳ್ಳುವ ಮುಂಚೆ ಇದನ್ನು ಓದಿ

ಗಡಸು ನೀರನ್ನು (ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ ಇರುವ ನೀರನ್ನು) ಮೆದು ಮಾಡುತ್ತೆ ಅಂತ ಪೈಪಿನ ಸುತ್ತ ಕಟ್ಟುವ ಅಯಸ್ಕಾಂತವನ್ನು ಮಾರಲು ಯಾರಾದರೂ ಬಂದರೆ ದಯವಿಟ್ಟು ತಕ್ಷಣ ದುಡ್ಡು ಕೊಡಬೇಡಿ. ನಮಗೆ ಮಾರಿದವರು, "ಉಪ್ಪು ಬೇಡ, ಕರೆಂಟ್ ಬೇಡ, ಸೋಪು ಚೆನ್ನಾಗಿ ನೊರೆ ಬರುತ್ತೆ" ಅಂದಿದ್ದರು. ವರ್ಷ ತುಂಬುವ ಮೊದಲೇ ಗೀಸರ್ ಕೆಟ್ಟಿತು. ರಿಪೇರಿಯವರು ಕಾಯಿಲ್ ಹೊರಗೆಳೆದರೆ ಲೋಹವೇ ಕಾಣುತ್ತಿರಲಿಲ್ಲ, ಸುತ್ತಲೂ ದಪ್ಪ ಬಿಳಿ ಹಕ್ಕಳೆ. ಸ್ಕ್ರೂಡ್ರೈವರಿನಿಂದ ತಟ್ಟಿದಾಗ ಚಕ್ಕೆ ಚಕ್ಕೆಯಾಗಿ ಉದುರಿತು. ಒಳಗೆ ಕಾಯಿಲ್ ಸೀಳಿತ್ತು. ಶಾಖ ನೀರಿಗೆ ದಾಟದೆ ಅಲ್ಲೇ ನಿಂತರೆ ಹೀಗೇ ಆಗೋದು.

ಮಾರಿದವರಿಗೆ ಫೋನ್ ಮಾಡಿ ಕೇಳಿದರೆ ಮಾತೇ ಬೇರೆ: "ಕ್ಯಾಲ್ಸಿಯಂ ನೀರಲ್ಲೇ ಇರುತ್ತೆ, ಅಂಟಿಕೊಳ್ಳಲ್ಲ ಅಷ್ಟೆ." ಕ್ಯಾಲ್ಸಿಯಂ, ಮೆಗ್ನೀಸಿಯಂ ನೀರಲ್ಲೇ ಇದ್ದರೆ ಗಡಸುತನ ಹೋಗಿಲ್ಲ ಅಂತಲೇ ಅರ್ಥ, ಅಲ್ವಾ? ಸೋಪು ನೊರೆ ಬರದೆ ಬಿಳಿ ಗಸಿಯಾಗುತ್ತೆ. ಅಯಸ್ಕಾಂತದಿಂದ ಹಕ್ಕಳೆ ಕಟ್ಟೋದು ಕಮ್ಮಿಯಾಗುತ್ತಾ ಅನ್ನುವುದಕ್ಕೂ ಪ್ರಯೋಗಗಳಲ್ಲಿ ಒಂದೇ ಥರದ ಉತ್ತರ ಸಿಕ್ಕಿಲ್ಲ.

ಡೆಮೊದಲ್ಲಿ ಅವರು ನೊರೆ ಬರಿಸಿದ್ದು ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ. ಇದು ಮೋಸ. ಆ ಲಿಕ್ವಿಡ್ ಡಿಟರ್ಜೆಂಟ್, ಗಡಸು ನೀರಲ್ಲೂ ನೊರೆ ಕೊಡುತ್ತೆ. ಪರೀಕ್ಷೆ ಮಾಡೋದಾದರೆ ಸಾದಾ ಬಾರ್ ಸೋಪನ್ನೇ ತುರಿದು ಕರಗಿಸಿ ಹಾಕಬೇಕು. ಟಿಡಿಎಸ್ ಮೀಟರ್ ತೋರಿಸಿದರೂ ಒಪ್ಪಬೇಡಿ. ಅದು ಕರಗಿದ ಲವಣ ಒಟ್ಟು ಎಷ್ಟಿದೆ ಅಂತ ಅಂದಾಜು ಹೇಳುತ್ತೆ, ಅದರಲ್ಲಿ ಗಡಸುತನ ಎಷ್ಟು ಅಂತ ಹೇಳಲ್ಲ. ಒಳ್ಳೆಯ ಸಾಫ್ಟ್ನರ್ ಹಾಕಿದರೂ ಟಿಡಿಎಸ್ ಇಳಿಯುವುದಿಲ್ಲ.

ಯಾಕಂದರೆ ಅಲ್ಲಿ ಆಗೋದು ಅದಲುಬದಲು. ಸಾಫ್ಟ್ನರಿನ ತೊಟ್ಟಿಯೊಳಗಿನ ರೆಸಿನ್ ಅನ್ನುವ ಪ್ಲಾಸ್ಟಿಕ್ ಥರದ ಮಣಿಗಳು ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಸೋಡಿಯಂ ಬಿಡುತ್ತವೆ. ಮಣಿಗಳು ತುಂಬಿಹೋದಾಗ ಉಪ್ಪುನೀರು ಹಾಯಿಸಿದರೆ ಮತ್ತೆ ಕೆಲಸಕ್ಕೆ ಬರುತ್ತವೆ. ಹಾಗಾಗಿ ಇಂಥ ಸಾಫ್ಟ್ನರಿಗೆ ಉಪ್ಪು ಬೇಕೇ ಬೇಕು. ನೀರಲ್ಲಿ ಕಬ್ಬಿಣ ಜಾಸ್ತಿ ಇದ್ದರೆ ಮಣಿಗಳು ಹಾಳಾಗುತ್ತವೆ, ಅದನ್ನು ಮೊದಲೇ ಸೋಸಬೇಕು.

ಕೊಳ್ಳುವ ಮುಂಚೆ ಗಡಸುತನ ಅಳೆಯುವ ಹನಿ ಕಿಟ್ ತಂದಿಟ್ಟುಕೊಳ್ಳಿ. ಹನಿ ಹನಿಯಾಗಿ ಹಾಕುತ್ತಾ ಹೋದರೆ ನೀರಿನ ಕೆಂಪು ಬಣ್ಣ ನೀಲಿಗೆ ತಿರುಗುತ್ತೆ. ಎಷ್ಟು ಹನಿ ಹಿಡಿಯಿತು ಅನ್ನೋದೇ ಲೆಕ್ಕ. ಗಡಸುತನ (ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ) ಲೀಟರಿಗೆ 180 ಮಿಲಿಗ್ರಾಂ ದಾಟಿದರೆ ತುಂಬಾ ಗಡಸು. ಒಳಗೆ ಹೋಗುವ ನೀರು, ಹೊರಗೆ ಬರುವ ನೀರು ಎರಡನ್ನೂ ನಿಮ್ಮೆದುರೇ ಅಳೆಸಿ, ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ನಮ್ಮಲ್ಲಿ ಎರಡೂ ಕಡೆ ಅಷ್ಟೇ ಹನಿ ಹಿಡಿಯಿತು. ದುಡ್ಡು ವಾಪಸ್ ಬರಲಿಲ್ಲ.

ಇನ್ನೊಂದು ವಿಷಯ. ಉಪ್ಪಿನ ಸಾಫ್ಟ್ನರಿನಲ್ಲಿ ಗಡಸುತನ ಲೀಟರಿಗೆ 100 ಮಿಲಿಗ್ರಾಂ ಇಳಿದರೆ ಸೋಡಿಯಂ ಸುಮಾರು 46 ಮಿಲಿಗ್ರಾಂ ಏರುತ್ತೆ. ಬಿಪಿ ಇದ್ದು ಉಪ್ಪು ಕಮ್ಮಿ ಮಾಡಿ ಅಂತ ಡಾಕ್ಟರ್ ಹೇಳಿದವರು ಮನೆಯಲ್ಲಿದ್ದರೆ, ಕುಡಿಯುವ ನೀರಿನ ನಲ್ಲಿಗೆ ಸಾಫ್ಟ್ನರ್ ಲೈನ್ ಕೊಡಿಸಬೇಡಿ. ಗಿಡಗಳಿಗೂ ಆ ನೀರು ಬೇಡ.